ಹುಬ್ಬಳ್ಳಿ ಅಂಗಡಿಯ ಕ್ಯಾಮೆರಾ ಧಾರವಾಡದ ಗೋದಾಮಿನಲ್ಲಿ ಕಾಣಬೇಕು

ಪ್ರಶ್ನೆ: ಅಂಗಡಿಯಲ್ಲಿ 8 ಕ್ಯಾಮೆರಾ, ಒಂದು ಎನ್‌ವಿಆರ್ (ವಿಡಿಯೊ ರೆಕಾರ್ಡರ್). ಎರಡೂ ಕಡೆ ಫೈಬರ್. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಸಂಪರ್ಕವನ್ನು ಎನ್‌ವಿಆರ್‌ಗೆ ಕಳಿಸುವ ಸೆಟ್ಟಿಂಗ್) ಮಾಡಿದರೂ ಹೊರಗಿನಿಂದ ತೆರೆಯುತ್ತಿಲ್ಲ. ಏಕೆ?

ಉತ್ತರ 1: ಅಂಗಡಿ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. 100.64ರಿಂದ 100.127ರ ಒಳಗಿದ್ದರೆ ಅದು ಸಿಜಿನ್ಯಾಟ್, ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿರುತ್ತಾರೆ. ಎಷ್ಟು ಫಾರ್ವರ್ಡ್ ಮಾಡಿದರೂ ಪ್ರಯೋಜನವಿಲ್ಲ. ಇಂಟರ್ನೆಟ್ ಕಂಪನಿಯವರಿಂದ ಸ್ಟ್ಯಾಟಿಕ್ ಐಪಿ (ಬದಲಾಗದ ಪಬ್ಲಿಕ್ ವಿಳಾಸ) ಕೇಳಿ, ಇಲ್ಲವೇ ಎನ್‌ವಿಆರ್‌ನಲ್ಲಿ ಪಿ2ಪಿ (ತಯಾರಕರ ಸರ್ವರ್ ಮೂಲಕ ಜೋಡಿಸುವ ಸೌಲಭ್ಯ) ಆನ್ ಮಾಡಿ ಮೊಬೈಲ್ ಆ್ಯಪ್‌ನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ.

ಉತ್ತರ 2: ಸ್ಟ್ಯಾಟಿಕ್ ಐಪಿ ಸಿಕ್ಕರೂ ಎನ್‌ವಿಆರ್‌ನ 80 (ವೆಬ್ ಪುಟ), 554 (ವಿಡಿಯೊ) ಪೋರ್ಟ್‌ಗಳನ್ನು ನೇರ ತೆರೆಯಬೇಡಿ ಸಾರ್, ಕಳ್ಳನಿಗೆ ಕೀಲಿಕೈ ಕೊಟ್ಟ ಹಾಗೆ. ಎರಡೂ ಕಡೆಯನ್ನು ಗುಪ್ತ ಸುರಂಗದಂತೆ ಜೋಡಿಸುವ ವಿಪಿಎನ್ ವೈರ್‌ಗಾರ್ಡ್ ಹಾಕಿ, ಯುಡಿಪಿ 51820 ಪೋರ್ಟ್ ಒಂದೇ ತೆರೆದರೆ ಸಾಕು. ಪಬ್ಲಿಕ್ ಐಪಿ ಎರಡರಲ್ಲಿ ಒಂದು ಕಡೆ ಇದ್ದರೂ ನಡೆಯುತ್ತದೆ. ಸಿಜಿನ್ಯಾಟ್ ಇರುವ ಕಡೆ ಕೀಪ್‌ಅಲೈವ್ (ಸಂಪರ್ಕ ಕಡಿಯದಂತೆ ಆಗಾಗ ಕಳಿಸುವ ಸಂಕೇತ) 25 ಸೆಕೆಂಡ್ ಇಡಿ. ಹೆಚ್ಚಿನವರು ಎಡವುವುದು ಇಲ್ಲಿ: ಎರಡೂ ಕಡೆ ಒಳಗಿನ ನೆಟ್‌ವರ್ಕ್ ವಿಳಾಸ 192.168.1 ಇದ್ದರೆ ದಾರಿ ಸಿಗದು. ಗೋದಾಮಿನದನ್ನು 192.168.20ಕ್ಕೆ ಬದಲಿಸಿ.

ಉತ್ತರ 3: ಅಂಗಡಿಯ ಅಪ್‌ಲೋಡ್ ವೇಗವನ್ನೂ ನೋಡಿ. ಮೇನ್ ಸ್ಟ್ರೀಮ್ (ಪೂರ್ಣ ಗುಣಮಟ್ಟದ ವಿಡಿಯೊ) ತಲಾ 4 ಎಂಬಿಪಿಎಸ್ ಇದ್ದರೆ ಎಂಟಕ್ಕೆ 32 ಎಂಬಿಪಿಎಸ್ ಬೇಕು. ಸಬ್ ಸ್ಟ್ರೀಮ್ (ಕಡಿಮೆ ಗುಣಮಟ್ಟದ ವಿಡಿಯೊ) ಅನ್ನು ತಲಾ 512 ಕೆಬಿಪಿಎಸ್‌ಗೆ ಇಳಿಸಿ ಅದನ್ನೇ ನೋಡಿದರೆ ಸುಮಾರು 4 ಎಂಬಿಪಿಎಸ್‌ನಲ್ಲೇ ಮುಗಿಯುತ್ತದೆ.

ಪ್ರಶ್ನೆ ಕೇಳಿದವರು: ಅಂಗಡಿಯದು 100.78 ಅಂತಿದೆ, ಗೋದಾಮಿನದು ಪಬ್ಲಿಕ್.

ಉತ್ತರ 2: ಹಾಗಾದರೆ ಅಂಗಡಿಯದು ಸಿಜಿನ್ಯಾಟ್; ವೈರ್‌ಗಾರ್ಡ್ ಸರ್ವರ್ ಗೋದಾಮಿನಲ್ಲಿ ಇಡಿ.