ಪುತ್ತೂರಿನಲ್ಲಿ ಚೆನ್ನಾಗಿದ್ದ ಮುಖ ವಿಜಯಪುರಕ್ಕೆ ಬಂದ ಮೇಲೆ ಉರಿಯುತ್ತಿದೆ. ಏನು ಹಚ್ಚಲಿ?

ಪುತ್ತೂರಿನವಳು:
ದೀಪಾವಳಿ ಮುಗಿಸಿ ಕೆಲಸಕ್ಕೆಂದು ವಿಜಯಪುರಕ್ಕೆ ಬಂದೆ. ವಯಸ್ಸು 26. ಊರಲ್ಲಿದ್ದಾಗ ನನ್ನದು ಜಿಡ್ಡು ಮುಖ. ಆ ಸೆಕೆಗೆ ಮಧ್ಯಾಹ್ನದೊಳಗೆ ಹಣೆ, ಮೂಗು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಅದಕ್ಕೇ ಕಾಲೇಜಿನಿಂದಲೂ 2% ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್‌ವಾಶ್, ದಿನಕ್ಕೆ ಮೂರು ಸಲ. ಮಾಯಿಶ್ಚರೈಸರ್ ಹಚ್ಚಿದ್ದೇ ಇಲ್ಲ.

ಇಲ್ಲಿಗೆ ಬಂದ ಮೇಲೂ ಅದನ್ನೇ ಮುಂದುವರಿಸಿದೆ. ಈಗ ಮುಖ ತೊಳೆದು ಟವೆಲ್ ತೆಗೆದುಕೊಳ್ಳುವಷ್ಟರಲ್ಲಿ ಕೆನ್ನೆ ಬಿಗಿಯುತ್ತದೆ. ನಕ್ಕರೆ ಬಾಯಿಯ ಪಕ್ಕ ಚರ್ಮ ಎಳೆದ ಹಾಗಾಗುತ್ತದೆ. ಮೂಗಿನ ಬದಿಯಲ್ಲಿ ಹೊಟ್ಟು ಏಳುತ್ತದೆ, ಆದರೂ ಹಣೆ ತುಂಬ ಮೊಡವೆ. ರೂಮಿನವಳು ಕಡಲೆಹಿಟ್ಟಿಗೆ ನಿಂಬೆರಸ ಹಾಕಿ ಹಚ್ಚು ಅಂದಳು, ಹಚ್ಚಿದೆ. ಉರಿ ಜಾಸ್ತಿ ಆಯಿತು. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಸಣ್ಣ ಟ್ಯೂಬ್ ತಂದೆ. ನಾಲ್ಕೇ ದಿನಕ್ಕೆ ಮುಖ ನುಣ್ಣಗೆ, ಬೆಳ್ಳಗೆ ಕಂಡಿತು. ಮೂರು ವಾರ ಹಚ್ಚಿದೆ. ಸಂಕ್ರಾಂತಿಗೆ ಊರಿಗೆ ಹೋಗುವಾಗ ಅದನ್ನು ಮರೆತು ಹೋಗಿದ್ದೆ. ಎರಡೇ ದಿನದಲ್ಲಿ ಕೆನ್ನೆ ಕೆಂಪಾಯಿತು. ಅಮ್ಮ ನೋಡಿ ಹೆದರಿದರು. ಏಪ್ರಿಲ್‌ನಲ್ಲಿ ಅಕ್ಕನ ಮದುವೆ ಇದೆ. ಜಿಡ್ಡು ಮುಖಕ್ಕೆ ಏನು ಬಳಸಬೇಕು ಹೇಳಿ.

ಬಾಗಲಕೋಟೆಯ ಅಕ್ಕ:
ತಂಗಿ, ಮೊದಲು ನಿಮ್ಮದು ಈಗಲೂ ಜಿಡ್ಡು ಮುಖವೇ ಅಂತ ನೋಡಿಕೊಳ್ಳಿ. ಮುಖ ತೊಳೆದು ಏನೂ ಹಚ್ಚದೆ ಒಂದು ಗಂಟೆ ಬಿಡಿ. ಎಲ್ಲ ಕಡೆ ಹೊಳೆದರೆ ಜಿಡ್ಡು, ಎಲ್ಲ ಕಡೆ ಬಿಗಿದರೆ ಒಣ. ಹಣೆ, ಮೂಗು ಮಾತ್ರ ಹೊಳೆದರೆ ಎರಡೂ ಸೇರಿದ ಚರ್ಮ. ಕರಾವಳಿಯ ಗಾಳಿಯಲ್ಲಿ ಇರುವ ತೇವ ನಮ್ಮ ಕಡೆ ಚಳಿಗಾಲದಲ್ಲಿ ಇರುವುದಿಲ್ಲ. ಎಣ್ಣೆ ಇರುವ ಚರ್ಮಕ್ಕೂ ನೀರಿನಂಶ ಕಡಿಮೆ ಆಗಬಹುದು. ಅದಕ್ಕೇ ಹೊಟ್ಟು, ಮೊಡವೆ ಎರಡೂ ಒಟ್ಟಿಗೆ.

ನೀರೂ ನೋಡಿ. ನಿಮ್ಮ ಬಕೆಟ್ಟಿನ ಅಂಚಿಗೆ ಬಿಳಿ ಕಲೆ ಕಟ್ಟುತ್ತದೆ ಅಲ್ವಾ? ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸಾಬೂನು ಸರಿಯಾಗಿ ಹೋಗುವುದಿಲ್ಲ, ಒಂದು ಪದರ ಮುಖದ ಮೇಲೇ ಉಳಿಯುತ್ತದೆ. ನಾನು ಕೊನೆಗೆ ಒಂದು ಚೊಂಬು ಫಿಲ್ಟರ್ ನೀರು ಸುರಿದುಕೊಳ್ಳುತ್ತೇನೆ. ನಿಂಬೆರಸ ಮಾತ್ರ ಬೇಡವೇ ಬೇಡ.

ಕೌಂಟರ್ ಬಿಟ್ಟವಳು:
ಉಳಿದದ್ದು ಆಮೇಲೆ. ಆ ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಏನಿದೆ, ಓದಿ ಬರೆಯಿರಿ.

ಪುತ್ತೂರಿನವಳು:
ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಪಕ್ಕದಲ್ಲಿ ಒಂದು ಕೆಂಪು ಗೆರೆ ಇದೆ.

ಕೌಂಟರ್ ಬಿಟ್ಟವಳು:
ನನಗೆ ಅದೇ ಭಯ ಇತ್ತು. ಮೊಮೆಟಾಸೋನ್ ಅಂದರೆ ಸ್ಟೀರಾಯ್ಡ್, ಕೆಂಪು, ಊತ ತಗ್ಗಿಸುವ ಬಲವಾದ ಔಷಧಿ. ಈ ಮೂರು ಸೇರಿದ ಕ್ರೀಮು ಬಂಗು, ಅಂದರೆ ಮುಖದ ಮೇಲೆ ಏಳುವ ಕಂದು ಕಲೆಗೆ ಕೊಡುವಂಥದ್ದು. ಅದೂ ಡಾಕ್ಟರ್ ನೋಡಿಕೊಂಡು, ಕೆಲವು ವಾರ ಮಾತ್ರ. ದಿನಾ ಹಚ್ಚುವ ಫೇಸ್‌ಕ್ರೀಮ್ ಅಲ್ಲ. ಆ ಕೆಂಪು ಗೆರೆಯ ಅರ್ಥವೇ ಅದು, ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ.

ನಾನು ನಾಲ್ಕು ವರ್ಷ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿದ್ದೇನೆ. "ಬೆಳ್ಳಗಾಗೋ ಕ್ರೀಮು ಕೊಡಿ" ಅಂದರೆ ಇಂಥದ್ದನ್ನೇ ಕೊಡುತ್ತಿದ್ದೆವು. ನಾನೂ ಎರಡು ವರ್ಷ ಹಚ್ಚಿಕೊಂಡೆ. ಕೆನ್ನೆಯ ಚರ್ಮ ಎಷ್ಟು ತೆಳುವಾಯಿತು ಅಂದರೆ ಕೆಂಪು ನರಗಳು ಕಾಣತೊಡಗಿದವು. ಒಲೆಯ ಮುಂದೆ ನಿಂತರೆ ಉರಿ. ಗದ್ದದ ಮೇಲೆ ಕೂದಲು ಬಂತು. ಬಿಟ್ಟರೆ ಕೆರಳುತ್ತದೆ, ಹಚ್ಚಿದರೆ ತಣ್ಣಗಾಗುತ್ತದೆ. ಹಾಗಾಗಿ ಅದೇ ಮದ್ದು ಅಂತ ನಂಬಿಬಿಡುತ್ತೇವೆ. ನನ್ನ ಕೈಯಿಂದ ಆ ಟ್ಯೂಬ್ ತೆಗೆದುಕೊಂಡು ಹೋದ ಹುಡುಗಿಯರ ಮುಖ ಇವತ್ತಿಗೂ ನೆನಪಾಗುತ್ತದೆ.

ನೀವು ಹಚ್ಚಿದ್ದು ಮೂರೇ ವಾರ, ಬೇಗ ಸರಿಯಾಗಬಹುದು. ಈ ವಾರವೇ ಚರ್ಮದ ಡಾಕ್ಟರನ್ನು ನೋಡಿ. ಟ್ಯೂಬ್ ಜೊತೆಗೇ ಒಯ್ಯಿರಿ. ಹೇಗೆ ನಿಲ್ಲಿಸಬೇಕು ಅಂತ ಅವರೇ ಹೇಳಲಿ. ಅಲ್ಲಿಯವರೆಗೆ ಆಸಿಡ್ ಫೇಸ್‌ವಾಶ್, ಸ್ಕ್ರಬ್, ಸೀರಮ್ ಎಲ್ಲ ಪಕ್ಕಕ್ಕಿಡಿ. ಸಾಬೂನಲ್ಲದ, ಸುವಾಸನೆ ಇಲ್ಲದ ಕ್ಲೆನ್ಸರ್ ದಿನಕ್ಕೆ ಎರಡು ಸಲ ಸಾಕು. ಮುಖ ಇನ್ನೂ ಹಸಿ ಇರುವಾಗಲೇ ಸೆರಮೈಡ್ ಅಥವಾ ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಹಚ್ಚಿ. ಹಗಲು ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್. ಎರಡು ಬೆರಳಿನ ಉದ್ದಕ್ಕೂ ಹಿಂಡಿದರೆ ಮುಖ, ಕುತ್ತಿಗೆಗೆ ಸರಿಹೋಗುತ್ತದೆ. ಬಿಸಿಲಲ್ಲಿ ಓಡಾಡಿದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಹೊಸದು ಏನೇ ತಂದರೂ ಮೊದಲು ಕಿವಿಯ ಹಿಂದೆ ಹಚ್ಚಿ ನಾಲ್ಕೈದು ದಿನ ನೋಡಿ.

ಬಾಗಲಕೋಟೆಯ ಅಕ್ಕ:
ಕೊಬ್ಬರಿ ಎಣ್ಣೆ ಕೈಕಾಲಿಗೆ ಹಚ್ಚಿ, ಮೊಡವೆ ಇರುವ ಹಣೆಗೆ ಬೇಡ. ರಂಧ್ರ ಕಟ್ಟುತ್ತದೆ. ತಲೆಗೆ ಎಣ್ಣೆ ಹಚ್ಚಿ ಮಲಗುವ ಅಭ್ಯಾಸ ಇದ್ದರೆ ಅದನ್ನೂ ಸ್ವಲ್ಪ ದಿನ ಬಿಡಿ.

ಪುತ್ತೂರಿನವಳು:
ಅಕ್ಕಂದಿರೇ, ಡಾಕ್ಟರ್ ಹತ್ತಿರ ಹೋಗಿ ಬಂದೆ. ಟ್ಯೂಬ್ ಅಲ್ಲೇ ಬಿಟ್ಟೆ. ಕೆಂಪು ಕಡಿಮೆ ಆಗಲು ಬೇರೆ ಮುಲಾಮು ಬರೆದುಕೊಟ್ಟರು. ಮೊಡವೆಯ ಔಷಧಿ ಚರ್ಮ ಸುಧಾರಿಸಿದ ಮೇಲೆ ಅಂದರು. ಮೊದಲ ವಾರ ತುಂಬ ಕಷ್ಟ ಆಯಿತು, ಕೆಂಪು ಇನ್ನೂ ಜಾಸ್ತಿ ಆಗಿ ಆಫೀಸಿಗೆ ಮಾಸ್ಕ್ ಹಾಕಿಕೊಂಡು ಹೋದೆ. ಕೌಂಟರ್ ಬಿಟ್ಟ ಅಕ್ಕ ಹೇಳಿದ್ದು ನೆನಪಿದ್ದುದರಿಂದ ಮತ್ತೆ ಆ ಟ್ಯೂಬ್ ತರಲಿಲ್ಲ.

ಇವತ್ತಿಗೆ 19 ದಿನ. ತೊಳೆದ ಮೇಲೆ ಕೆನ್ನೆ ಬಿಗಿಯುತ್ತಿಲ್ಲ. ಆ ಒಂದು ಗಂಟೆಯ ಪರೀಕ್ಷೆಯನ್ನೂ ಮಾಡಿದೆ. ಹಣೆ ಮಾತ್ರ ಹೊಳೆಯಿತು. ರೂಮಿನವಳೂ ತನ್ನ ಕ್ರೀಮ್ ತಂದು ತೋರಿಸಿದಳು. ಅದರಲ್ಲಿ ಬೀಟಾಮೆಥಾಸೋನ್ ಅಂತ ಇದೆ. ಅದೂ ಸ್ಟೀರಾಯ್ಡೇ ಅಲ್ವಾ?

ಕೌಂಟರ್ ಬಿಟ್ಟವಳು:
ಹೌದು. ಕ್ಲೊಬೆಟಾಸೋಲ್ ಅಂತ ಇದ್ದರೂ ಸ್ಟೀರಾಯ್ಡೇ. ಅವಳನ್ನೂ ಅದೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.