ಬೋರ್ಡೋ ದ್ರಾವಣದ ಬಗ್ಗೆ ಹುಡುಕಿದರೆ ಎಐ ಉತ್ತರ ಬರುತ್ತದೆ. ಅದನ್ನು ಹೇಳಿದವರು ಯಾರು ಅಂತ ತಿಳಿಯುವುದು ಹೇಗೆ?

ತೋಟದಮನೆ_ಸಾಗರ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕು, ಎರಡು ಎಕರೆ ಅಡಿಕೆ ತೋಟ. ಮನೆಯವರು ಹೋದ ಮೇಲೆ ಒಂಬತ್ತು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಸಂಶಯ ಬಂದರೆ ಮೊಬೈಲ್‌ನಲ್ಲಿ ಕನ್ನಡದಲ್ಲೇ ಕೇಳಿ ಹುಡುಕುವುದು ರೂಢಿ. ಮೊದಲೆಲ್ಲ ಹತ್ತು ಲಿಂಕ್ ಬರುತ್ತಿದ್ದವು. ಹೆಸರು ನೋಡಿ ತೆರೆಯುತ್ತಿದ್ದೆ. ಇದು ಕೃಷಿ ವಿಶ್ವವಿದ್ಯಾಲಯದ್ದು, ಇದು ಔಷಧಿ ಮಾರುವವರದ್ದು, ಇದು ನಮ್ಮ ಹಾಗೇ ತೋಟ ಇರುವ ಯಾರೋ ಬರೆದದ್ದು. ಅಷ್ಟು ಗೊತ್ತಾದರೆ ಎಷ್ಟು ನಂಬಬೇಕು ಅಂತ ತಿಳಿಯುತ್ತಿತ್ತು. ಈಗ ಮೇಲ್ಗಡೆ ಉತ್ತರವೇ ಬಂದು ಕೂತಿರುತ್ತದೆ.

ಈ ಸಲ ಆದದ್ದು ಹೇಳುತ್ತೇನೆ. ಪ್ರತಿ ವರ್ಷ ನಮ್ಮಲ್ಲಿ ಕೊಳೆ ಔಷಧಿ ಕಲಸುತ್ತಿದ್ದವರಿಗೆ ವಯಸ್ಸಾಯಿತು, ಬರುವುದು ಬಿಟ್ಟಿದ್ದಾರೆ. ದೋಟಿಯಲ್ಲಿ ಔಷಧಿ ಹೊಡೆಯುವ ಹುಡುಗರು ಬೆಳಿಗ್ಗೆ ಏಳಕ್ಕೇ ಬರುತ್ತೇವೆ ಅಂದಿದ್ದರು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹಿಂದಿನ ದಿನ ತಯಾರು ಮಾಡಿ ಇಟ್ಟುಕೊಳ್ಳಬಹುದಾ ಅಂತ ಕೇಳಿದೆ. ಹೌದು, ಹಿಂದಿನ ದಿನವೇ ತಯಾರಿಸಿ ಇಡಬಹುದು ಅಂತ ಬಂತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಅನ್ನುವ ಲೆಕ್ಕವೂ ಅದರಲ್ಲೇ ಇತ್ತು. ಆ ಲೆಕ್ಕ ನನಗೆ ಮೊದಲೇ ಗೊತ್ತಿದ್ದದ್ದು, ಸರಿಯಾಗಿತ್ತು. ಅದು ಸರಿ ಇದ್ದದ್ದಕ್ಕೇ ಉಳಿದದ್ದನ್ನೂ ನಂಬಿದೆ. ಸಂಜೆ 200 ಲೀಟರ್ ಕಲಸಿಟ್ಟೆ.

ಬೆಳಿಗ್ಗೆ ನೋಡಿದರೆ ಡ್ರಮ್ಮಿನ ಮೇಲೆ ತಿಳಿನೀರು, ತಳದಲ್ಲಿ ನೀಲಿ ಗಸಿ. ಕೋಲು ಹಾಕಿ ಎಷ್ಟು ತಿರುಗಿಸಿದರೂ ಸಂಜೆ ಇದ್ದ ಹಾಲಿನಂಥ ಹದ ಬರಲಿಲ್ಲ. ಹುಡುಗರಲ್ಲಿ ಒಬ್ಬ ಬೆರಳಲ್ಲಿ ಉಜ್ಜಿ ನೋಡಿದ. "ಅಕ್ಕಾ, ಇದು ಅಡಿಕೆ ಕೊನೆಗೆ ಹಿಡಿಯುವುದಿಲ್ಲ, ಒಂದು ಮಳೆಗೆ ತೊಳೆದು ಹೋಗುತ್ತದೆ" ಅಂದ. ಅಷ್ಟನ್ನೂ ಚೆಲ್ಲಬೇಕಾಯಿತು. ಮಧ್ಯಾಹ್ನ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ.

ಅವತ್ತು ರಾತ್ರಿ ಉತ್ತರದ ಪಕ್ಕದಲ್ಲಿದ್ದ ಲಿಂಕ್ ತೆರೆದು ಓದಿದೆ. ಅಲ್ಲಿ ಇದ್ದದ್ದೇ ಬೇರೆ. ಮೈಲುತುತ್ತದ ನೀರು, ಸುಣ್ಣದ ನೀರು ಬೇರೆ ಬೇರೆಯಾಗಿ ಹಿಂದಿನ ದಿನ ನೆನೆಸಿಡಬಹುದು, ಎರಡನ್ನೂ ಕೂಡಿಸಿದ ಮೇಲೆ ಅದೇ ದಿನ ಹೊಡೆಯಬೇಕು ಅಂತ. ಬರೆದವರು ಸರಿಯಾಗಿಯೇ ಬರೆದಿದ್ದಾರೆ. "ಬೇರೆ ಬೇರೆ" ಅನ್ನುವ ಎರಡು ಮಾತು ನಡುವೆ ಎಲ್ಲೋ ಬಿದ್ದು ಹೋಗಿದೆ.

ತಿಳಿದವರು ಹೇಳಿ. ಇದು ಹೀಗೆ ಯಾಕೆ ಮಾಡುತ್ತದೆ? ಮೊದಲಿನ ಹಾಗೆ ಬರೀ ಲಿಂಕ್ ಬರುವ ಹಾಗೆ ಮಾಡಿಕೊಳ್ಳಬಹುದಾ? ನಮ್ಮ ಕಡೆ ಯಾರಾದರೂ ಔಷಧಿ ಹೇಳಿದರೆ "ಯಾರು ಹೇಳಿದ್ದು?" ಅಂತಲೇ ಮೊದಲು ಕೇಳುವುದು. ಅದನ್ನು ಇಲ್ಲಿ ಯಾರನ್ನು ಕೇಳಲಿ?

ಹೊಸನಗರದವ:

ಅಕ್ಕಾ, ಓದಿ ಬೇಜಾರಾಯಿತು. ಜೂನ್‌ನಲ್ಲಿ ಒಂದು ಒಣ ದಿನ ಕಳೆದುಕೊಳ್ಳುವುದು ಅಂದರೇನು ಅಂತ ನಮ್ಮ ಮನೆಯಲ್ಲೂ ಗೊತ್ತು. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ತಿಳಿದಷ್ಟು ಹೇಳುತ್ತೇನೆ.

ಮೊದಲಿನ ಹುಡುಕಾಟ ದಾರಿ ತೋರಿಸುತ್ತಿತ್ತು, ಅಷ್ಟೇ. 1998ರಲ್ಲಿ ಲ್ಯಾರಿ ಪೇಜ್, ಸರ್ಗೈ ಬ್ರಿನ್ ಗೂಗಲ್ ಶುರು ಮಾಡಿದಾಗ ಅವರ ಮುಖ್ಯ ಉಪಾಯ ಇದು: ಒಂದು ಪುಟಕ್ಕೆ ಬೇರೆ ಒಳ್ಳೆಯ ಪುಟಗಳು ಎಷ್ಟು ಲಿಂಕ್ ಕೊಟ್ಟಿವೆ ಅಂತ ನೋಡಿ ಮೇಲೆ ಕೆಳಗೆ ಜೋಡಿಸುವುದು. ಒಳಗೆ ಬರೆದದ್ದನ್ನು ಅದು ಮುಟ್ಟುತ್ತಿರಲಿಲ್ಲ. ಈಗ ಹಾಗಲ್ಲ. ನೀವು ಕೇಳಿದ್ದಕ್ಕೆ ಹೊಂದುವ ನಾಲ್ಕಾರು ಪುಟಗಳಿಂದ ತುಂಡುಗಳನ್ನು ತರುತ್ತದೆ. ಆಮೇಲೆ ಭಾಷಾ ಮಾದರಿ ಅದನ್ನು ತನ್ನ ಮಾತಿನಲ್ಲಿ ಮತ್ತೆ ಬರೆಯುತ್ತದೆ. ಒಂದು ಪದದ ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಮಾಡುತ್ತಾ ವಾಕ್ಯ ಹೆಣೆಯುವುದು ಅದರ ಕೆಲಸ. ಡ್ರಮ್ಮು, ಗಸಿ, ಮಳೆ ಯಾವುದೂ ಅದಕ್ಕೆ ಗೊತ್ತಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕು ಕಾಣುತ್ತದೆ. ಮೈಲುತುತ್ತ ಕರಗಿಸಿದ್ದಕ್ಕೂ ದ್ರಾವಣ ಅನ್ನುತ್ತಾರೆ, ಸುಣ್ಣ ಕರಗಿಸಿದ್ದಕ್ಕೂ ದ್ರಾವಣ, ಎರಡೂ ಕೂಡಿಸಿದ್ದಕ್ಕೂ ದ್ರಾವಣ. ಓದುವ ನಮಗೆ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ಯಂತ್ರ ಮೂರನ್ನೂ ಒಂದೇ ಮಾಡಿರಬಹುದು. ಕನ್ನಡದಲ್ಲಿ ಇಂಥ ವಿಷಯದ ಪುಟಗಳೇ ಕಡಿಮೆ. ಹಾಗಾಗಿ ತಪ್ಪಿದ್ದನ್ನು ತಿದ್ದುವ ಇನ್ನೊಂದು ಪುಟ ಪಕ್ಕದಲ್ಲಿ ಸಿಗುವ ಸಾಧ್ಯತೆಯೂ ಕಡಿಮೆ.

ಬರೀ ಲಿಂಕ್ ಬೇಕಾದರೆ ದಾರಿ ಇದೆ. ಗೂಗಲ್‌ನಲ್ಲಿ ಹುಡುಕಿದ ಮೇಲೆ ಮೇಲ್ಗಡೆ ಚಿತ್ರಗಳು, ವೀಡಿಯೊ ಅಂತ ಒಂದು ಸಾಲು ಬರುತ್ತದಲ್ವಾ, ಅದನ್ನು ಪಕ್ಕಕ್ಕೆ ಎಳೆಯಿರಿ. "ವೆಬ್" ಅಂತ ಸಿಗುತ್ತದೆ. 2024ರ ಮೇ ತಿಂಗಳಿನಿಂದ ಇದೆ. ಅದನ್ನು ಒತ್ತಿದರೆ ಮೊದಲಿನ ಹಾಗೇ ಪಟ್ಟಿ ಬರುತ್ತದೆ. ಡಕ್‌ಡಕ್‌ಗೋ ಅಂತ ಗೂಗಲ್ ಹಾಗೇ ಹುಡುಕುವ ಇನ್ನೊಂದು ತಾಣ ಇದೆ, ಅದರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಎಐ ಉತ್ತರ ಬರದ ಹಾಗೆ ಮಾಡಬಹುದು.

ಭದ್ರಾವತಿ_ಮೇಷ್ಟ್ರು:

ನಿಮಗೆ ಆದದ್ದು ಖಂಡಿತ ತಪ್ಪು. ಆದರೆ ಮೊದಲಿನ ಪಟ್ಟಿಯನ್ನೂ ಅಷ್ಟು ಹೊಗಳಲು ನನಗೆ ಮನಸ್ಸಿಲ್ಲ. ಮೇಲಿನ ಮೂರು ನಾಲ್ಕು ಜಾಹೀರಾತು. ಅದರ ಕೆಳಗೆ ಒಂದೇ ಮಾತನ್ನು ಹತ್ತು ಸಲ ಬರೆದು ಉದ್ದ ಮಾಡಿದ ಪುಟಗಳು. ಅದರಲ್ಲಿ ಬೇಕಾದದ್ದು ಹುಡುಕುವುದರೊಳಗೆ ಕಣ್ಣು ನೋಯುತ್ತಿತ್ತು.

ನನ್ನ ಹೆಂಡತಿಯ ರಕ್ತ ಪರೀಕ್ಷೆಯ ವರದಿ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಎಚ್‌ಬಿಎ1ಸಿ ಅಂದರೇನು ಅಂತ ಅವಳೇ ಮೊಬೈಲ್‌ಗೆ ಕನ್ನಡದಲ್ಲಿ ಕೇಳಿದಳು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅಂತ ನಾಲ್ಕು ಸಾಲಲ್ಲಿ ಬಂತು. ಏಳನೇ ಕ್ಲಾಸ್ ಓದಿದ ಹೆಂಗಸು, ಡಾಕ್ಟರ್ ಹತ್ತಿರ ಹೋಗಿ ಇದು ಯಾಕೆ ಏರಿದೆ ಅಂತ ತಾನೇ ಕೇಳಿದಳು. ಇಷ್ಟು ವರ್ಷ ಅವಳ ಪರವಾಗಿ ನಾನೇ ಕೇಳುತ್ತಿದ್ದೆ. 2025ರ ಅಕ್ಟೋಬರ್‌ನಲ್ಲಿ ಕೇಳಿದ್ದಕ್ಕೆ ನೇರವಾಗಿ ಎಐ ಉತ್ತರ ಕೊಡುವ ಗೂಗಲ್‌ನ ಎಐ ಮೋಡ್ ಕನ್ನಡಕ್ಕೂ ಬಂದಾಗ ನನಗೆ ಸಂತೋಷವಾಗಿತ್ತು, ಈಗಲೂ ಇದೆ.

ಅಳತೆ, ದಿನ, ದುಡ್ಡು, ಮಾತ್ರೆ ಈ ನಾಲ್ಕು ಬಂದರೆ ಮಾತ್ರ ನಾವಿಬ್ಬರೂ ಕೆಳಗಿನ ಪುಟ ತೆರೆದೇ ತೆರೆಯುತ್ತೇವೆ.

ಮಿಡಿಮಾವು:

ಅಕ್ಕ ಕೇಳಿದ "ಯಾರು ಹೇಳಿದ್ದು" ಅನ್ನುವ ಪ್ರಶ್ನೆ ನನ್ನ ಎದೆಗೇ ನಾಟಿತು. ನಾನು ಹೇಳುವವರ ಕಡೆ ಇರುವವನು. ಹನ್ನೊಂದು ವರ್ಷದಿಂದ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಯ ಮರಗಳ ಬಗ್ಗೆ ನನ್ನದೇ ಒಂದು ಸಣ್ಣ ತಾಣದಲ್ಲಿ ಬರೆಯುತ್ತಿದ್ದೇನೆ. ಮರ ಯಾವ ಹೊಳೆಯ ದಡದಲ್ಲಿದೆ, ಮಿಡಿ ಉದ್ದವೋ ಗುಂಡೋ, ಸೊನೆ ಎಷ್ಟು, ವಾಸನೆ ಜೀರಿಗೆಯದೋ ಕರ್ಪೂರದ್ದೋ, ಉಪ್ಪಿನಲ್ಲಿ ಎಷ್ಟು ವರ್ಷ ತಡೆಯುತ್ತದೆ, ಎಲ್ಲ. ನಮ್ಮಲ್ಲಿ ಮಿಡಿಗೆ ಮನುಷ್ಯರ ಹೆಸರೇ ಇರುತ್ತದೆ. ಅನಂತ ಭಟ್ಟನ ಅಪ್ಪೆ ಅಂದರೆ ಯಾರ ಮರದ್ದು ಅಂತ ಹೆಸರಲ್ಲೇ ಬಂತು.

ಈಗ ಹುಡುಕಿದರೆ "ಮಲೆನಾಡಿನಲ್ಲಿ ಅಪ್ಪೆಮಿಡಿಯ ಹಲವು ತಳಿಗಳಿವೆ, ಉಪ್ಪಿನಕಾಯಿಗೆ ಪ್ರಸಿದ್ಧ" ಅಂತ ಉತ್ತರ ಬರುತ್ತದೆ. ಸುಳ್ಳಲ್ಲ. ಆದರೆ ಹೊಳೆ ಹೋಯಿತು, ಮರ ಹೋಯಿತು, ಮರದ ಯಜಮಾನ ಹೋದ. ನನ್ನ ತಾಣಕ್ಕೆ ಬರುವವರು ಎರಡು ವರ್ಷದಲ್ಲಿ ಅರ್ಧಕ್ಕೂ ಕಡಿಮೆಯಾದರು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2025ರ ಮಾರ್ಚ್‌ನಲ್ಲಿ ಸುಮಾರು 900 ಜನರ ಹುಡುಕಾಟವನ್ನು ಗಮನಿಸಿತ್ತು. ಎಐ ಸಾರಾಂಶ ಬಂದಾಗ ಪಟ್ಟಿಯ ಲಿಂಕ್ ಒತ್ತಿದ್ದು ನೂರಕ್ಕೆ 8 ಸಲ, ಬಾರದಿದ್ದಾಗ 15 ಸಲ. ಸಾರಾಂಶದ ಒಳಗೇ ಇರುವ ಲಿಂಕ್ ಒತ್ತಿದ್ದು ನೂರಕ್ಕೆ 1.

ಜನ ಬಂದರೆ ನನಗೆ ದುಡ್ಡೇನೂ ಬರುವುದಿಲ್ಲ. ನನಗೆ ಬರುತ್ತಿದ್ದದ್ದು ಕೆಳಗೆ ಅವರು ಬರೆಯುತ್ತಿದ್ದ ಮಾತು. ಆರು ವರ್ಷದ ಹಿಂದೆ ಒಂದು ಮರದ ಬಗ್ಗೆ ಬರೆದಿದ್ದೆ. ಒಬ್ಬರು ಕೆಳಗೆ ಬರೆದರು: ಆ ಮರ ಹೋದ ಮಳೆಗಾಲದಲ್ಲೇ ದಂಡೆ ಕುಸಿದು ಹೊಳೆಗೆ ಬಿತ್ತು, ಆದರೆ ನಮ್ಮ ಅಜ್ಜ ಅದರ ಕಸಿ ಮಾಡಿದ್ದರು, ಹಿತ್ತಲಲ್ಲಿದೆ. ಮಾರನೇ ದಿನವೇ ಬೈಕ್ ಹತ್ತಿ ಹೋದೆ. ಕಸಿಕಡ್ಡಿ ತಂದು ಆರು ಗಿಡ ಮಾಡಿದೆ, ಮೂರು ಬದುಕಿವೆ. ಅವರು ನನ್ನ ಪುಟ ತೆರೆಯದೇ ಮೇಲಿನ ನಾಲ್ಕು ಸಾಲು ಓದಿ ಹೋಗಿದ್ದರೆ ಆ ತಳಿ ಅವರ ಹಿತ್ತಲಲ್ಲೇ ಯಾರಿಗೂ ತಿಳಿಯದೆ ಮುಗಿಯುತ್ತಿತ್ತು. ಈ ವರ್ಷ ಇಲ್ಲಿಯವರೆಗೆ ನನಗೆ ಅಂಥದ್ದು ಬಂದಿರುವುದು ಒಂದೇ ಒಂದು.

ನನ್ನ ಬರಹ ತೆಗೆದುಕೊಳ್ಳಬೇಡಿ ಅಂತ ಪುಟಕ್ಕೆ ಗುರುತು ಹಾಕಬಹುದು. ಆದರೆ ಹಾಕಿದರೆ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಕಾಣುವ ಎರಡು ಸಾಲು ವಿವರವೂ ಹೋಗುತ್ತದೆ. ಹಾಗಾಗಿ ಹಾಕಿಲ್ಲ.

ತೋಟದಮನೆ_ಸಾಗರ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ಹೊಸನಗರದ ತಮ್ಮ ಹೇಳಿದ ಹಾಗೆ "ವೆಬ್" ಒತ್ತಿದೆ, ಪಟ್ಟಿ ಬಂತು. ಅದರಲ್ಲಿ ಅಡಿಕೆ ಸಂಶೋಧನೆ ಮಾಡುವವರ ಪುಟ ಸಿಕ್ಕಿತು, ಪೂರ್ತಿ ಓದಿದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಬೇಡ. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದ್ದಿ ಸ್ವಲ್ಪ ಹೊತ್ತು ಹಿಡಿಯಬೇಕು. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಹೆಚ್ಚಿದೆ, ಇನ್ನೂ ಸುಣ್ಣ ಹಾಕಬೇಕು. ನಮ್ಮ ಮನೆಯವರು ಪ್ರತಿ ವರ್ಷ ಡ್ರಮ್ಮಿನ ಹತ್ತಿರ ಕತ್ತಿ ಹಿಡಿದು ನಿಂತಿರುತ್ತಿದ್ದರು. ಯಾಕೆ ಅಂತ ನಾನು ಕೇಳಿರಲೇ ಇಲ್ಲ.

ಭಾನುವಾರ ಮಳೆ ಬಿಟ್ಟಿತ್ತು. ಬೆಳಿಗ್ಗೆಯೇ ಕಲಸಿದೆವು. ಮೊದಲ ಸಲ ಅದ್ದಿದಾಗ ಕತ್ತಿಯ ತುದಿಗೆ ತೆಳ್ಳಗೆ ಕೆಂಪು ಬಂತು. ಎರಡು ಹಿಡಿ ಸುಣ್ಣ ಕದಡಿ ಹಾಕಿ ಮತ್ತೆ ಅದ್ದಿದೆ. ಬಿಳಿಯಾಗಿಯೇ ಬಂತು. ಸಂಜೆ ನಾಲ್ಕರೊಳಗೆ ಇಡೀ ತೋಟ ಮುಗಿಯಿತು. ಅಷ್ಟನ್ನೂ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ, ಯಾರು ಹೇಳಿದ್ದು ಅಂತ ಸೇರಿಸಿ.

ಮಿಡಿಮಾವು ಅವರೇ, ನಿಮ್ಮ ತಾಣದ ವಿಳಾಸ ಕೊಡಿ. ನಮ್ಮ ತೋಟದ ಕೆಳಗೆ ವರದಾ ಹೊಳೆಯ ದಡದಲ್ಲಿ ಒಂದು ಹಳೆ ಅಪ್ಪೆ ಮರ ಇದೆ. ಮಿಡಿ ಉದ್ದ, ತೊಟ್ಟಿನ ಹತ್ತಿರ ಸ್ವಲ್ಪ ಬಾಗಿರುತ್ತದೆ, ಮುರಿದರೆ ಸೊನೆ ಚಿಮ್ಮುತ್ತದೆ. ನಮ್ಮ ಅತ್ತೆ ಅದಕ್ಕೆ ಒಂದು ಹೆಸರು ಹೇಳುತ್ತಿದ್ದರು. ನಿಮ್ಮ ಪುಟದ ಕೆಳಗೇ ಬರೆಯುತ್ತೇನೆ.