ಹಳೇ ಪುಸ್ತಕ ರದ್ದತಿ: ಯಾವುದನ್ನು ತೆಗೀಬೇಕು, ಹೇಗೆ? ಅನುಭವ ಇದ್ದವರು ತಿಳಿಸಿ

ಕೇಳಿದವರು: ನಮ್ಮ ಪಂಚಾಯಿತಿ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯ) ಸುಮಾರು 6,000 ಪುಸ್ತಕ ಇವೆ. ಕಪಾಟು ತುಂಬಿ ನೆಲದ ಮೇಲೂ ರಾಶಿ ಬಿದ್ದಿದೆ, ಕೆಳಗಿನ ಸಾಲಿಗೆ ಗೆದ್ದಲು ಹತ್ತಿದೆ. ಯಾವುದನ್ನು ತೆಗೀಬಹುದು?

ಕೆಂಪು ಮಸಿ: ಮೊದಲು ಕಾಗದಪತ್ರ, ಆಮೇಲೆ ಕಪಾಟು. ಇದನ್ನು ಉಲ್ಟಾ ಮಾಡಿದವರೇ ಆಡಿಟ್‌ನಲ್ಲಿ ಸಿಕ್ಕಿಬೀಳೋದು. ದಾಸ್ತಾನು ಪರಿಶೀಲನೆ ಮುಗಿಸಿ ಪರಿಗ್ರಹಣ ಸಂಖ್ಯೆ (ಪುಸ್ತಕ ಬಂದಾಗ ವಹಿಯಲ್ಲಿ ದಾಖಲಿಸಿ ಕೊಡುವ ಕ್ರಮಸಂಖ್ಯೆ), ಲೇಖಕ, ಶೀರ್ಷಿಕೆ, ವರ್ಷ, ಬೆಲೆ, ಕಾರಣ ಇರುವ ಪಟ್ಟಿ ಮಾಡಿ. ಎಲ್ಲದಕ್ಕೂ "ಹಳೆಯದು" ಅಂತ ಬರೆದರೆ ಕಡತ ವಾಪಸ್ ಬರುತ್ತೆ. "ಪುಟ 33ರಿಂದ 48 ಇಲ್ಲ", "ಪರಿಷ್ಕೃತ ಮುದ್ರಣ ಇದೆ" ಅಂತ ಒಂದೊಂದಕ್ಕೂ ಬರೀಬೇಕು. ಸಮಿತಿ ನಡಾವಳಿ, ಲಿಖಿತ ಮಂಜೂರಾತಿ ಎರಡೂ ಕೈಗೆ ಬಂದ ಮೇಲೆ ಪರಿಗ್ರಹಣ ವಹಿಯ ಷರಾ ಕಾಲಂನಲ್ಲಿ ಕೆಂಪು ಮಸಿಯಿಂದ ಆದೇಶದ ಸಂಖ್ಯೆ, ದಿನಾಂಕ ಹಾಕಿ. ಆ ಪರಿಗ್ರಹಣ ಸಂಖ್ಯೆ ಹೊಸ ಪುಸ್ತಕಕ್ಕೆ ಯಾವತ್ತೂ ಕೊಡಬೇಡಿ. ಶೀರ್ಷಿಕೆ ಪುಟದ ಮೇಲಷ್ಟೇ ಅಲ್ಲ, ಗುಪ್ತ ಪುಟದ (ಗುರುತಿಗೆಂದು ಪ್ರತಿ ಪುಸ್ತಕದಲ್ಲೂ ಲೈಬ್ರರಿ ಮೊಹರು ಹಾಕುವ ಗೊತ್ತಾದ ಒಳಪುಟ) ಮೇಲೂ "ರದ್ದು" ಮೊಹರು ಬೀಳಲೇಬೇಕು. ಇಲ್ಲದಿದ್ದರೆ ಫುಟ್‌ಪಾತ್‌ನಲ್ಲಿ ಸಿಕ್ಕ ಪುಸ್ತಕ ಹಿಡಿದು "ಲೈಬ್ರರಿ ಮಾಲು ಮಾರ್ಕೊಂಡಿದ್ದೀರಿ" ಅಂತ ದೂರು ಬರುತ್ತೆ.

ನಿಯಮದಂತೆ: ಅಷ್ಟೆಲ್ಲ ಹೆದರಬೇಕಿಲ್ಲ. ಸಾಮಾನ್ಯ ಹಣಕಾಸು ನಿಯಮ 2017ರ 215ನೇ ನಿಯಮ ಸಾವಿರಕ್ಕೆ 5 ಪುಸ್ತಕ ಬಿಟ್ಟುಕೊಡುತ್ತೆ.

ಕೆಂಪು ಮಸಿ: ಪೂರ್ತಿ ಓದಿ ಸ್ವಾಮಿ. ಅದು ಕಳೆದುಹೋದ ಪುಸ್ತಕದ ಮಾತು. ವರ್ಷದಲ್ಲಿ ಎರವಲು ಕೊಟ್ಟ, ಓದಿದ ಸಾವಿರಕ್ಕೆ 5. ಅದೂ ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು. 1,000 ರೂಪಾಯಿ ದಾಟಿದ ಪುಸ್ತಕಕ್ಕೆ ವಿಚಾರಣೆ ತಪ್ಪಿದ್ದಲ್ಲ. ಮೇಲಾಗಿ ಅದು ಕೇಂದ್ರ ಸರ್ಕಾರದ ನಿಯಮ. ಪಂಚಾಯಿತಿಯವರಿಗೆ ಇದನ್ನು ಹೇಳಿ ದಾರಿ ತಪ್ಪಿಸಬೇಡಿ.

ಕಾನೂನು ಕಪಾಟು: ಹರಿದಿದ್ದನ್ನಲ್ಲ, ತಪ್ಪು ಹೇಳುವುದನ್ನು ಮೊದಲು ತೆಗೀರಿ. ತೆಲಂಗಾಣ ಇಲ್ಲದ ಭೂಪಟ, ಜಿಎಸ್‌ಟಿಗೆ ಮುಂಚಿನ ವಾಣಿಜ್ಯ ತೆರಿಗೆ ಕೈಪಿಡಿ, ಕರ್ನಾಟಕಕ್ಕೆ 30 ಜಿಲ್ಲೆ ಅನ್ನುವ ಎಫ್‌ಡಿಎ ಗೈಡು. ವಿಜಯನಗರ ಸೇರಿ 31 ಆಗಿದ್ದು 2021ರಲ್ಲಿ. ಭಾರತೀಯ ದಂಡ ಸಂಹಿತೆಯೂ ಹೋಗಲಿ, 2024ರ ಜುಲೈ 1ರಿಂದ ಅದರ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ.

ಹಳೆ ಹೊತ್ತಿಗೆ: ದಂಡ ಸಂಹಿತೆ ಎಸೀತೀರಾ? ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಇವತ್ತಿಗೂ ಹಳೇ ಸೆಕ್ಷನ್ನೇ. ಹಳ್ಳಿಯವನು ಎಫ್‌ಐಆರ್ ಪ್ರತಿ ಹಿಡಿದು ಬಂದರೆ ಏನು ತೋರಿಸ್ತೀರಿ?

ಕಾನೂನು ಕಪಾಟು: ಒಂದು ಪ್ರತಿ ಇಡಿ, ಬೆನ್ನಿಗೆ "1-7-2024ಕ್ಕೆ ಹಿಂದಿನದು" ಅಂತ ಚೀಟಿ ಅಂಟಿಸಿ. ನಾಲ್ಕು ಪ್ರತಿ ಯಾಕೆ? ಮೂರು ವರ್ಷದಿಂದ ಡೇಟ್ ಸ್ಲಿಪ್ (ಎರವಲು ದಿನಾಂಕ ಹಾಕುವ ಚೀಟಿ) ಖಾಲಿ ಇದ್ದದ್ದನ್ನೂ ತೆಗೀಬಹುದು.

ಹಳೆ ಹೊತ್ತಿಗೆ: ಡೇಟ್ ಸ್ಲಿಪ್ ನಂಬಿ ಪುಸ್ತಕ ಕೊಲ್ಲಬೇಡಿ. ಅಲ್ಲೇ ಕೂತು ಓದುವವರ ಲೆಕ್ಕ ಅದರಲ್ಲಿ ಬರಲ್ಲ. "ಓದಿದ್ದನ್ನು ಕಪಾಟಿಗೆ ಇಡಬೇಡಿ" ಅಂತ ಮೇಜಿನ ಮೇಲೆ ಬೋರ್ಡ್ ಹಾಕಿ, ಸಂಜೆ ಪ್ರತಿ ಪುಸ್ತಕದ ಸ್ಲಿಪ್ ಮೇಲೆ ಪೆನ್ಸಿಲ್ ಗೀಟು ಎಳೀರಿ. ಪರೀಕ್ಷೆ ಕಾಲ, ಬೇಸಿಗೆ ರಜೆ ಎರಡೂ ದಾಟಲಿ, ಆಮೇಲೆ ಮಾತಾಡಿ. ತಾಲ್ಲೂಕು ಸಮ್ಮೇಳನದ ಸ್ಮರಣ ಸಂಚಿಕೆ, ಜಾತ್ರೆ ಪುಸ್ತಿಕೆ, ಊರಿನವರು ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದ ಕವನ ಸಂಕಲನ ಇವಕ್ಕೆ ಕೈ ಹಚ್ಚಲೇಬೇಡಿ. ಬೇರೆ ಪ್ರತಿ ಎಲ್ಲೂ ಸಿಗದೇ ಹೋಗಬಹುದು.

ದಾರ ಸೂಜಿ: ಹರಿದಿದ್ದೆಲ್ಲ ಬೈಂಡಿಂಗ್‌ಗೆ ಕಳಿಸಿ ದುಡ್ಡು ಸುರಿಯೋರಿಗೆ ಹೇಳ್ತೀನಿ. ಪುಟದ ಮೂಲೆ ಅತ್ತ ಒಮ್ಮೆ ಇತ್ತ ಒಮ್ಮೆ ಮಡಿಸಿ. ಒಂದೆರಡು ಸಲಕ್ಕೇ ಕಡ್ಡಿ ಮುರಿದ ಹಾಗೆ ಕೈಗೆ ಬಂದರೆ ಅದು ಆಮ್ಲ ಕುಡಿದ ಕಾಗದ, ಹೊಲಿದರೆ ದಾರದ ಸಾಲಿಗೇ ಹರಿಯುತ್ತೆ. ಬೆನ್ನಿನ ಕಡೆ ಬಿಳಿ ಅಂಚು ಒಂದು ಸೆಂಟಿಮೀಟರೂ ಇಲ್ಲದಿದ್ದರೆ ಅಡ್ಡಹೊಲಿಗೆ ಅಕ್ಷರದ ಮೇಲೇ ಬೀಳುತ್ತೆ. ನಮ್ಮ ಕಡೆ ಕ್ಯಾಲಿಕೊ (ಬಟ್ಟೆ) ಬೈಂಡಿಂಗ್ 150 ರೂಪಾಯಿ, ಸಾಗಣೆ ಬೇರೆ. ಹೊಸ ಪ್ರತಿಯೇ 180ಕ್ಕೆ ಸಿಗುವಾಗ ಯಾಕೆ ಬೇಕು? ಅಚ್ಚಿನಲ್ಲಿ ಇಲ್ಲದ ಪುಸ್ತಕಕ್ಕೆ ಮಾತ್ರ ಈ ಖರ್ಚು ಮಾಡಿ.

ನಿಯಮದಂತೆ: ಗೆದ್ದಲಿಗೆ ನುಸಿಗುಳಿಗೆ ಹಾಕಿದರೆ ಸಾಕಲ್ವಾ?

ದಾರ ಸೂಜಿ: ಇದಕ್ಕೂ ಉತ್ತರ ಕೊಡಬೇಕಾ? ಗೆದ್ದಲು ಬರೋದು ನೆಲ, ಗೋಡೆಯ ಬಿರುಕಿನಿಂದ, ಮಣ್ಣಿನ ಸುರಂಗ ಕಟ್ಟಿಕೊಂಡು. ನುಸಿಗುಳಿಗೆ ಅದನ್ನು ತಡೆಯಲ್ಲ, ಓದುವವರಿಗೆ ತಲೆನೋವು ಬರಿಸುತ್ತೆ ಅಷ್ಟೇ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದು, ಹಿಂದುಗಡೆ ಟಾರ್ಚ್ ಬಿಟ್ಟು ಸುರಂಗ ಹುಡುಕಿ, ಬಿರುಕಿಗೆ ಮದ್ದು ಹೊಡೆಸಿ. ನೆಲದ ರಾಶಿ ಇವತ್ತೇ ಮೇಲೆತ್ತಿ. ಗೆದ್ದಲು ತಿಂದದ್ದನ್ನು ಮಂಜೂರಾತಿ ಬರೋತನಕ ಗೋಣಿಚೀಲದಲ್ಲಿ ತುಂಬಿ ಬೇರೆ ಕೋಣೆಯಲ್ಲಿಡಿ. ಪರಿಗ್ರಹಣ ಸಂಖ್ಯೆ ಇರುವ ಪುಟ ಉಳಿದಿದ್ದರೆ ಅದನ್ನು ಪಟ್ಟಿಗೆ ಪಿನ್ ಮಾಡಿ.

ಕೆಂಪು ಮಸಿ: ಪಿನ್ ಬೇಡ, ತುಕ್ಕು ಹಿಡಿಯುತ್ತೆ. ಲಕೋಟೆಯಲ್ಲಿ ಹಾಕಿ.